ಒಲೆಗೆ ಬಿಡುವು

ಕಲ್ಲೇಶಪ್ಪನ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಊಟದ ಹೊತ್ತಿಗೇ. ಬೇರೆ ಹೊತ್ತಿನಲ್ಲಿ ಆ ಮನೆಯವರು ಒಬ್ಬರ ಕೈಗೊಬ್ಬರು ಸಿಗಬೇಕಲ್ಲ! ಯಜಮಾನ ಕಲ್ಲೇಶಪ್ಪ ಬೆಳಕು ಹರಿದರೆ ಈರುಳ್ಳಿ ಹೊಲದಲ್ಲಿ, ಇಲ್ಲವೆಂದರೆ ಗಾಡಿ ಹೂಡಿಕೊಂಡು ಅಜ್ಜಂಪುರದ ಸಂತೆಯಲ್ಲಿ. ಅವನ ತಾಯಿ ತೀರ್ಥಮ್ಮ ಎಪ್ಪತ್ತು ದಾಟಿದರೂ ಕೊಟ್ಟಿಗೆ ಬಿಟ್ಟು ಬರುವವಳಲ್ಲ. ಹೆಂಡತಿ ತೀರಿಹೋಗಿ ಆರು ವರ್ಷವಾಗಿದ್ದರಿಂದ ಒಲೆ ಮುಂದಿನ ಕೆಲಸವೆಲ್ಲ ಮಗಳು ಮಲ್ಲಿಕಾಂಬಳದು. ಮಗ ಸೋಮಶೇಖರಪ್ಪ ತರೀಕೆರೆಯಲ್ಲಿ ಸರ್ಕಾರಿ ಗುಮಾಸ್ತ. ಶನಿವಾರ ಸಂಜೆ ಬಸ್ಸಿಗೆ ಅಜ್ಜಂಪುರದಲ್ಲಿ ಇಳಿದು, ಮೂರು ಮೈಲಿ ನಡೆದು ಊರಿಗೆ ಬಂದರೆ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮತ್ತೆ ಹೊರಟ. ಹೀಗಾಗಿ ವಾರದ ಜಗಳವೆಲ್ಲ ಶನಿವಾರದ ಮುದ್ದೆಯ ಮುಂದೆ ಬಂದು ಕೂರುತ್ತಿತ್ತು.

ಅದು ಅರವತ್ತಾರನೆಯ ಇಸವಿ, ಶಿವರಾತ್ರಿ ಕಳೆದ ಮೊದಲ ಶನಿವಾರ. ಮಲ್ಲಿಕಾಂಬಳಿಗೆ ಕಡೂರು ಸೀಮೆಯ ಪಂಚನಹಳ್ಳಿಯಿಂದ ಗಂಡು ಗೊತ್ತಾಗಿ, ವೈಶಾಖದಲ್ಲಿ ಲಗ್ನವೆಂದು ನಿಶ್ಚಯವಾಗಿತ್ತು. ಸೋಮಶೇಖರಪ್ಪ ಕೈ ತೊಳೆದು ಬಂದು ಕೂತವನು ತಟ್ಟೆ ಮುಟ್ಟುವ ಮುಂಚೆಯೇ ಜೇಬಿನಿಂದ ಒಂದು ಕಾಗದ ತೆಗೆದ.

"ಅಪ್ಪಯ್ಯ, ಹೊಸ ಹುಕುಂ ಬಂದೈತೆ. ಮದುವೆ, ಮುಂಜಿ ಏನೇ ಮಾಡ್ಲಿ, ನೂರು ಜನಕ್ಕಿಂತ ಹೆಚ್ಚು ಮಂದಿಗೆ ಅನ್ನ ಹಾಕಂಗಿಲ್ಲ. ನಾನೇ ಟೈಪ್ ಮಾಡಿದ್ದು."

ಕಲ್ಲೇಶಪ್ಪ ಹುರುಳಿ ಸಾರಿಗೆ ಮುದ್ದೆ ಅದ್ದಿದವನು ಅಲ್ಲೇ ನಿಲ್ಲಿಸಿದ. "ಏನಂದೆ?"

"ದೇಶದಲ್ಲಿ ದವಸಕ್ಕೆ ಬರ ಅಪ್ಪಯ್ಯ. ಅಮೆರಿಕದಿಂದ ಹಡಗಲ್ಲಿ ಗೋಧಿ ಬಂದ್ರೆ ಊಟ ಅನ್ನಂಗಾಗೈತೆ. ಒಂದೊಂದು ಮದುವೇಲಿ ಸಾವಿರ ಜನ ಉಂಡ್ರೆ, ಇಲ್ಲದ ಜನಕ್ಕೆ ಎಲ್ಲಿಂದ ತರೋದು?"

"ಆ ಇಲ್ಲದ ಜನಾನೇ ಕಣಲೇ ನಮ್ಮನೆ ಮದುವೇಲಿ ಉಣ್ಣೋದು! ನಾನೇನು ತಗೊಂಡ್ಹೋಗಿ ಎಮ್ಮೆಗೆ ಸುರೀತೀನಾ?"

ತೀರ್ಥಮ್ಮ ಒಳಗಿನಿಂದ, "ಉಣ್ಣೋವಾಗ ಕೂಗಬೇಡ್ರೋ" ಎಂದಳು. ಯಾರು ಕೇಳಬೇಕು?

ಕಲ್ಲೇಶಪ್ಪನಿಗೆ ಸರ್ಕಾರದ ಮೇಲೆ ಹಳೆಯ ಸಿಟ್ಟಿತ್ತು. ಹಿಂದಿನ ವರ್ಷ ಕಡೂರಿನ ಕಡೆ ಬಾಣಂತಿ ತಂಗಿಗೆಂದು ಗಾಡಿಯಲ್ಲಿ ಅರ್ಧ ಚೀಲ ಅಕ್ಕಿ ಒಯ್ಯುತ್ತಿದ್ದಾಗ ದಾರಿಯಲ್ಲಿ ನಾಕಾ ಕಟ್ಟೆಯವರು ತಡೆದು, ಪರ್ಮಿಟ್ಟಿಲ್ಲವೆಂದು ಇಳಿಸಿಕೊಂಡಿದ್ದರು. ಅಕ್ಕಿ ಹೋದದ್ದಕ್ಕಲ್ಲ, "ಇದು ನಿನ್ನದು ಅನ್ನೋಕೆ ಏನು ಗುರುತು?" ಎಂದು ಕೇಳಿದ್ದಕ್ಕೆ ಅವನ ಹೊಟ್ಟೆ ಉರಿದಿತ್ತು. ಸ್ವಾತಂತ್ರ್ಯ ಬಂದ ದಿನ ಊರಿಗೆಲ್ಲ ಅಚ್ಚು ಬೆಲ್ಲ ಹಂಚಿದವನು ಅವನು. ಆ ಬೆಲ್ಲದ ಮಾತು ತೆಗೆಯದೆ ಅವನ ಯಾವ ಜಗಳವೂ ಮುಗಿಯುತ್ತಿರಲಿಲ್ಲ.

"ನಾನು ಬೆಳೆದಿದ್ದು, ನನ್ನ ಕಣಜದ್ದು. ನನ್ನ ಮಗಳ ಮದುವೆ. ಯಾರಿಗೆ ಉಣ್ಣಿಸ್ಬೇಕು ಅಂತ ಹೇಳೋಕೆ ಇವರು ಯಾರಲೇ? ಬಿಳಿ ದೊರೆಗಳು ಕೇಳಲಿಲ್ಲ, ಮಹಾರಾಜರು ಕೇಳಲಿಲ್ಲ. ನಾವೇ ಆರಿಸಿ ಕಳ್ಸಿದೋರು ಬಂದು ನಮ್ಮನೆ ಎಲೆ ಎಣಿಸ್ತಾರಂತೆ! ಇದಕ್ಕೇನಾ ನಾನು ಬೆಲ್ಲ ಹಂಚಿದ್ದು?"

"ಬೆಲ್ಲ ಹಂಚಿದ್ದು ನಮಗೆ ಬೇಕಾದಂಗೆ ಇರೋಕಲ್ಲ ಅಪ್ಪಯ್ಯ. ಕಾನೂನು ಅಂದ್ಮೇಲೆ ಎಲ್ಲಾರಿಗೂ ಒಂದೇ."

"ಒಲೆಗೆ ಬಿಡುವು ಕೊಡಿ ಅಂತ ನಿಮ್ಮಜ್ಜ ಹೇಳ್ತಿದ್ದ, ನಾನೂ ಹೇಳ್ತೀನಿ. ನಿನ್ನ ಕಾನೂನು ತಗೊಂಡು ಒಲೆಗಿಡು."

ಈ ಒಲೆಯ ಬಿಡುವೆಂದರೆ ಆ ಊರಿನ ಹಳೆಯ ಪದ್ಧತಿ. ದೊಡ್ಡ ಮನೆಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಹಿಂದಿನ ದಿನ ಯಜಮಾನನೇ ಮನೆಮನೆಗೂ ಹೋಗಿ ಒಲೆಯ ಕಟ್ಟೆ ಮೇಲೆ ವೀಳ್ಯ ಇಟ್ಟು, "ನಾಳೆ ನಿಮ್ಮೊಲೆಗೆ ಬಿಡುವು" ಅನ್ನಬೇಕು. ಮಾರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು ನೋಡಿದರೆ ಊರಿನ ಯಾವ ಸೂರಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಕೂಸು ಕುನ್ನಿಯೆಲ್ಲ ಬಂದು ಉಣ್ಣಬೇಕು. ಚಪ್ಪರದ ಕೆಳಗೆ ಜಾತಿಗೊಂದು ಸಾಲಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಆ ದಿನ ಊರಿನಲ್ಲಿ ಒಬ್ಬರೂ ತಮ್ಮ ಮನೆಯ ಗಂಜಿ ಕುಡಿಯುತ್ತಿರಲಿಲ್ಲ.

ಸೋಮಶೇಖರಪ್ಪನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಅವನಿಗಿದ್ದದ್ದು ಬೇರೆಯದೇ ಸಂಕಟ. ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಅವನಿನ್ನೂ ಹಂಗಾಮಿ. ಕಾಯಂ ಮಾಡುವ ಕಡತ ಆ ತಿಂಗಳೇ ಅಮಲ್ದಾರರ ಮೇಜಿಗೆ ಹೋಗಿತ್ತು. ಹೆಡ್ ಗುಮಾಸ್ತರು ಒಂದು ಮಧ್ಯಾಹ್ನ ನಶ್ಯ ಏರಿಸುತ್ತ, "ಏನಪ್ಪಾ, ತಂಗಿ ಮದುವೆಯಂತೆ? ಹುಕುಂ ಟೈಪ್ ಮಾಡಿದೋನ ಮನೇಲೇ ಸಂತೆ ಸೇರಿದ್ರೆ ಚೆನ್ನಾಗಿರಲ್ಲ, ನೋಡ್ಕೋ" ಎಂದು ನಕ್ಕಿದ್ದರು. ಅವರು ನಕ್ಕದ್ದು ತಮಾಷೆಗೋ ಏನೋ. ಇವನು ಮಾತ್ರ ಅವತ್ತಿನಿಂದ ಎಲ್ಲಿ ಕೂತರೂ ಕರೆಯಬೇಕಾದವರ ತಲೆ ಎಣಿಸತೊಡಗಿದ.

ಚೈತ್ರ ಬಂತು. ಮದುವೆಯ ಭತ್ತ ಕುಟ್ಟಲು ಹಾಲಮ್ಮ ಬಂದಳು. ಕುರುಬರ ಹಟ್ಟಿಯ ಈ ಒಂಟಿ ಹೆಂಗಸು ಮೂವತ್ತು ವರ್ಷದಿಂದ ಆ ಮನೆಯ ಒನಕೆ ಹಿಡಿದವಳು. ಅಜ್ಜಂಪುರದಲ್ಲಿ ಮಿಲ್ಲು ಬಂದರೂ ಶುಭಕಾರ್ಯದ ಅಕ್ಕಿ ಹಾಲಮ್ಮನ ಕೈಯದೇ ಆಗಬೇಕೆಂದು ತೀರ್ಥಮ್ಮನ ಹಟ. ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಗುಂಟೆ ನೆಲವಿಲ್ಲ. ಬಾಯಿಗೆ ಮಾತ್ರ ಬಡತನವಿರಲಿಲ್ಲ.

"ಏನ್ ಸೋಮಪ್ಪ, ನೂರೇ ಜನಕ್ಕೆ ಊಟ ಅಂತೆ? ನಾನೊಬ್ಳೇ ಹತ್ತಾಳಿನ ಹೋಳಿಗೆ ತಿಂತೀನಿ. ನನ್ನ ಹತ್ತಾಳು ಅಂತ ಬರ್ಕೋ ಮತ್ತೆ!" ಎಂದು ಒನಕೆ ಎತ್ತಿದ ಕೈಯಲ್ಲೇ ನಕ್ಕಳು.

ಸೋಮಶೇಖರಪ್ಪನೂ ನಕ್ಕ. ನಕ್ಕು ಮರೆತುಬಿಟ್ಟ.

ಮರುವಾರ ಅವನಿಗೆ ಒಂದು ಉಪಾಯ ಹೊಳೆಯಿತು. ಗಂಡಿನ ಕಡೆಯವರು ಮೂವತ್ತು, ನೆಂಟರಿಷ್ಟರು ಒಂಬತ್ತು. ಉಳಿದದ್ದು ಅರವತ್ತೊಂದು. ಊರಿನ ಜಮೀನಿನ ಖಾತೆ ಪುಸ್ತಕ ತೆಗೆದು ನೋಡಿದರೆ ತಮ್ಮದನ್ನು ಬಿಟ್ಟು ಅದರಲ್ಲಿದ್ದದ್ದೂ ಅರವತ್ತೊಂದೇ ಹೆಸರು! ಶಿವನೇ ಲೆಕ್ಕ ಹೊಂದಿಸಿಕೊಟ್ಟ ಎಂದುಕೊಂಡ. ಮನೆಗೊಬ್ಬರಂತೆ ಕರೆದರೆ ಕಾನೂನೂ ಉಳಿಯಿತು, ಊರಿಗೆಲ್ಲ ಊಟದ ಹೇಳಿಕೆಯೂ ಆಯಿತು. ರೂಲು ಎಳೆದ ಹಾಳೆಯ ಮೇಲೆ ಖಾತೆದಾರರ ಹೆಸರನ್ನೆಲ್ಲ ದುಂಡಗೆ ಬರೆದು, ಮದುವೆ ಊಟಕ್ಕೆ ಅನುಮತಿ ಕೇಳುವ ಅರ್ಜಿಯನ್ನೂ ಅಪ್ಪನ ಹೆಸರಿನಲ್ಲಿ ತಾನೇ ಬರೆದು ಕಚೇರಿಗೆ ಕೊಟ್ಟ. ಹೆಸರು ಬೇಕೆಂದು ಯಾರೂ ಕೇಳಿರಲಿಲ್ಲ, ಎಷ್ಟು ಜನವೆಂದು ಬರೆದಿದ್ದರೆ ಸಾಕಿತ್ತು. ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚಿಗೆ ಕೊಟ್ಟರೆ ಸಾಹೇಬರು ಮೆಚ್ಚುತ್ತಾರೆಂಬ ಆಸೆ. ಖಾತೆ ಇಲ್ಲದವರಿಗೂ ಹೊಟ್ಟೆ ಇರುತ್ತದೆಂಬುದು ಆ ಹೊತ್ತಿನಲ್ಲಿ ಅವನ ತಲೆಗೆ ಬರಲೇ ಇಲ್ಲ.

ಪಟ್ಟಿ ಮನೆಗೆ ಬಂದ ಶನಿವಾರ ಮಾತ್ರ ಮುದ್ದೆ ಆರಿ ಕಲ್ಲಾಯಿತು.

"ಮನೆಗೊಬ್ರಾ?" ಕಲ್ಲೇಶಪ್ಪ ಎದ್ದು ನಿಂತಿದ್ದ. "ಗಂಡ ಬಂದು ಹೋಳಿಗೆ ಉಣ್ಣೋದು, ಹೆಂಡ್ತಿ ಮಕ್ಕಳು ಮನೇಲಿ ಒಲೆ ಊದೋದಾ? ಇದನ್ನ ಬಿಡುವು ಅಂತಾರೇನಲೇ?"

"ಮತ್ತೇನು ಮಾಡ್ಲಿ ಅಪ್ಪಯ್ಯ? ನನ್ನ ಕೆಲಸ ಹೋಗ್ಲಾ?"

"ಹೋದ್ರೆ ಹೋಗ್ಲಿ! ಹೊಲ ಐತೆ."

"ನಿನಗೆ ಹೊಲ ಐತೆ. ನಾನು ಓದಿದ್ದು ಈರುಳ್ಳಿ ಕೀಳೋಕಾ? ನಿನ್ನ ಒಂದು ದಿನದ ದೊಡ್ಡಸ್ತಿಕೆಗೆ ನನ್ನ ಜನ್ಮದ ಅನ್ನ ಕಳೀತೀಯಲ್ಲ!"

ದೊಡ್ಡಸ್ತಿಕೆ ಅನ್ನುವ ಮಾತಿಗೆ ಕಲ್ಲೇಶಪ್ಪ ಬಾಗಿಲ ಕಡೆ ತಿರುಗಿ ನಿಂತ. ಮಲ್ಲಿಕಾಂಬ ಗೋಡೆಗೆ ಆತುಕೊಂಡು, "ನನ್ನ ಮದುವೆ ಊಟವೇ ಬೇಡ ಬಿಡ್ರಿ, ಮಠಕ್ಕೆ ಹೋಗಿ ತಾಳಿ ಕಟ್ಟಿಸ್ಕೊಂಡು ಬತ್ತೀನಿ" ಎಂದು ಅಳತೊಡಗಿದಳು. ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದ ತೀರ್ಥಮ್ಮ ಮಗನನ್ನೂ ಮೊಮ್ಮಗನನ್ನೂ ಒಂದು ಸಲ ನೋಡಿದಳು.

"ಕಲ್ಲೇಶ, ಹುಡುಗನ ಅನ್ನ ಹೋಗಬಾರ್ದು ಕಣಪ್ಪ. ಕಾಲ ಬಂದಂಗೆ ಕೋಲ ಕಟ್ಟಬೇಕು."

ಕಲ್ಲೇಶಪ್ಪ ಗೂಟದ ಮೇಲಿನ ಟವಲು ತೆಗೆದುಕೊಂಡ. ಅವನು ಜಗಳ ಸೋತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಆಯ್ತವ್ವ. ಆದ್ರೆ ಆ ಪಟ್ಟಿ ಹಿಡ್ಕೊಂಡು ಹೇಳಿಕೆಗೆ ನಾನು ಹೋಗಲ್ಲ. ಅವನೇ ಹೋಗ್ಲಿ" ಎಂದು ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಅವನೇ ಹೋದ. ಮದುವೆಯ ಹಿಂದಿನ ದಿನ ವೀಳ್ಯದ ತಟ್ಟೆ ಹಿಡಿದು, ಜೇಬಿನಲ್ಲಿ ಪಟ್ಟಿ ಇಟ್ಟುಕೊಂಡು ಮನೆಮನೆ ಹತ್ತಿ ಇಳಿದ. ಒಲೆಯ ಕಟ್ಟೆ ಮೇಲೆ ಎಲೆ ಅಡಿಕೆ ಇಟ್ಟು, "ಮನೆಗೊಬ್ಬರು ಬನ್ನಿ, ಸರ್ಕಾರದ ಹುಕುಂ" ಎಂದ. ಒಲೆಗೆ ಬಿಡುವು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಬಂದರೆ ಸುಳ್ಳಾಗುತ್ತಿತ್ತು. ಜನ ಆಗಲೆಂದು ತಲೆಯಾಡಿಸಿದರು. ಸಣ್ಣಬೀರಪ್ಪನೆಂಬ ಮುದುಕ ಮಾತ್ರ, "ಯಾರು ಬರ್ಬೇಕು ಅಂತ ಅದ್ರಾಗೆ ಬರ್ದೈತಾ, ಇಲ್ಲ ನಾವೇ ಆರಿಸ್ಕೋಬೋದಾ?" ಎಂದು ಕೇಳಿದ. ಖಾತೆಯಿಲ್ಲದ ಎಂಟು ಮನೆಗಳ ಮುಂದೆ ಸೋಮಶೇಖರಪ್ಪ ತಲೆ ತಗ್ಗಿಸಿ ಬಿರಬಿರನೆ ನಡೆದ. ಹಾಲಮ್ಮನ ಮನೆ ಬೀಗ ಹಾಕಿತ್ತು. ಅವಳು ಇವರ ಮನೆಯಲ್ಲೇ ಹೂರಣ ರುಬ್ಬುತ್ತಿದ್ದಳು. ಕರೆಯಲಿಲ್ಲವೆಂದು ಅವಳೂ ಅಂದುಕೊಳ್ಳಲಿಲ್ಲ, ಕರೆಯಬೇಕೆಂದು ಮನೆಯವರಿಗೂ ಹೊಳೆಯಲಿಲ್ಲ. ಮನೆಯವಳನ್ನು ಯಾರಾದರೂ ಕರೆಯುತ್ತಾರೆಯೇ!

ಮದುವೆಯ ಬೆಳಿಗ್ಗೆ ಧಾರೆ ಚೆನ್ನಾಗಿಯೇ ನಡೆಯಿತು. ಮಠದ ಸ್ವಾಮಿಗಳು ಬಂದು ಹರಸಿದರು. ಮುತ್ತುಗದೆಲೆ ಹಾಸಿದರು, ಉಪ್ಪು ಉಪ್ಪಿನಕಾಯಿ ಬಡಿಸಿದರು. ಸೋಮಶೇಖರಪ್ಪ ಪಟ್ಟಿ ಹಿಡಿದು ಈ ತುದಿಯಿಂದ ಆ ತುದಿಗೆ ಎಲೆ ಎಣಿಸಿದ. ನೂರ ಒಂದು. ಮತ್ತೆ ಎಣಿಸಿದ. ನೂರ ಒಂದೇ. ಆಚೆ ಸಾಲಿನ ಕೊನೆಯಲ್ಲಿ, ಎಣ್ಣೆ ಹಚ್ಚಿ ತಲೆ ಬಾಚಿ, ತೀರ್ಥಮ್ಮ ಕೊಟ್ಟ ಹಳೆಯ ಇಳಕಲ್ ಸೀರೆ ಉಟ್ಟುಕೊಂಡು ಹಾಲಮ್ಮ ಕೂತಿದ್ದಳು.

ಅಷ್ಟರಲ್ಲಿ ಕೆರೆ ಏರಿಯ ಮೇಲೆ ಜೀಪಿನ ಸದ್ದು ಕೇಳಿತು. ರೆವಿನ್ಯೂ ಇನ್‌ಸ್ಪೆಕ್ಟರು! ಕಾಯಂ ಆಗುವ ಕಡತವೊಂದೇ ಸೋಮಶೇಖರಪ್ಪನ ಕಣ್ಣ ಮುಂದೆ ಕುಣಿಯಿತು. ಓಡಿಹೋಗಿ ಹಾಲಮ್ಮನ ಎದುರು ಬಗ್ಗಿದ.

"ಹಾಲಮ್ಮ, ಬೇಗ ಏಳು. ಪಟ್ಟೀಲಿ ನಿನ್ನ ಹೆಸರಿಲ್ಲ. ಆಮೇಲೆ ಒಳಗೆ ಉಣ್ಣುವಿಯಂತೆ. ಏಳು ಏಳು."

ಹಾಲಮ್ಮನಿಗೆ ಮೊದಲು ತಮಾಷೆ ಅನ್ನಿಸಿರಬೇಕು, ನಗಲು ಹೋದಳು. ಅವನ ಮುಖ ನೋಡಿ ನಗು ಅಲ್ಲೇ ನಿಂತಿತು.

"ಉಪ್ಪು ಬಡ್ಸಿದಾರಲ್ಲ ಸೋಮಪ್ಪ" ಎಂದಳು ಮೆಲ್ಲಗೆ.

"ಏಳು ಅಂದ್ನಲ್ಲ!" ಅವನ ದನಿ ಏರಿತು. ಸಾಲಿನವರೆಲ್ಲ ತಿರುಗಿ ನೋಡಿದರು.

ಅವಳು ಎಡಗೈ ನೆಲಕ್ಕೆ ಊರಿ ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಚಪ್ಪರದಿಂದ ಹೊರಗೆ ನಡೆದುಹೋದಳು. ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಕಲ್ಲೇಶಪ್ಪ ಎಲ್ಲವನ್ನೂ ಕಂಡ. ಗಿಂಡಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ.

ಇನ್‌ಸ್ಪೆಕ್ಟರು ಜೀಪಿನಿಂದ ಇಳಿದು, ಟೋಪಿ ತೆಗೆದು ಬೆವರು ಒರೆಸಿಕೊಂಡರು. ದಪ್ಪ ಆಳು, ಒಳ್ಳೆಯ ಮನುಷ್ಯ. ಚಪ್ಪರ ನೋಡಿ ಹುಬ್ಬೇರಿಸಿದರು.

"ಏನ್ರೀ ಇದು, ಇಷ್ಟೇ ಜನಾನಾ? ಕಲ್ಲೇಶಪ್ಪನೋರ ಮನೆ ಊಟ ಅಂದ್ರೆ ಊರಿಗೆ ಊರೇ ಸೇರುತ್ತೆ ಅಂತ ಕೇಳಿ ಬಂದೆ."

"ಸರಿಯಾಗಿ ನೂರು ಸಾರ್. ಪಟ್ಟಿ ಪ್ರಕಾರ. ಒಬ್ಬಳು ಹೆಚ್ಚಾಗಿದ್ಲು, ಕೆಲಸದೋಳು, ಎಬ್ಬಿಸಿ ಕಳಿಸಿದೆ."

ಇನ್‌ಸ್ಪೆಕ್ಟರು ಅವನನ್ನೇ ನೋಡಿದರು. "ಕೆಲಸದೋರು, ಮನೆಯೋರು ಲೆಕ್ಕಕ್ಕೆ ಸೇರಲ್ಲ ಕಣ್ರೀ. ಮೂರನೇ ಕಲಮು. ಹುಕುಂ ನೀವೇ ಟೈಪ್ ಮಾಡಿದ್ದಲ್ವಾ?" ಎಂದರು. ಆಮೇಲೆ ದನಿ ತಗ್ಗಿಸಿ, "ನಾನು ಎಣಿಸೋಕೆ ಬಂದೋನಲ್ಲ ಮಾರಾಯ್ರೆ, ಊಟಕ್ಕೆ ಬಂದೋನು. ಸುಮಾರು ನೂರು ಅಂತ ಬರ್ದು ಹೋಗ್ತಿದ್ದೆ. ಯಾರು ಎಬ್ಸು ಅಂದ್ರು ನಿಮಗೆ?"

ಯಾರೂ ಅಂದಿರಲಿಲ್ಲ. ಅದೇ ಅವನ ಜನ್ಮದ ಪಶ್ಚಾತ್ತಾಪವಾಗಿ ಉಳಿಯಿತು. ಸರ್ಕಾರ ಎಬ್ಬಿಸಿದ್ದರೆ ಸರ್ಕಾರವನ್ನು ಬೈದು ಹಗುರಾಗಬಹುದಿತ್ತು. ಅಪ್ಪನ ಹಾಗೆ ಜಗಳವನ್ನಾದರೂ ಆಡಬಹುದಿತ್ತು. ಎಬ್ಬಿಸಿದವನು ತಾನೇ ಆಗಿರುವಾಗ ಯಾರ ಮೇಲೆ ಸಿಟ್ಟಾಗುವುದು?

ಹಾಲಮ್ಮನ ಎಲೆ ಉಪ್ಪು ಬಡಿಸಿಕೊಂಡು ಹಾಗೇ ಇತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ಆ ದಿನ ಕಲ್ಲೇಶಪ್ಪ ಉಣ್ಣಲಿಲ್ಲ.

ಸಂಜೆ ಹೆಣ್ಣನ್ನು ಕಳಿಸಿಕೊಟ್ಟ ಮೇಲೆ ತೀರ್ಥಮ್ಮ ಒಂದು ಬುಟ್ಟಿಯಲ್ಲಿ ಹೋಳಿಗೆ, ಅನ್ನ, ಚೊಂಬಿನಲ್ಲಿ ತುಪ್ಪ ಇಟ್ಟು ಮೊಮ್ಮಗನ ಕೈಗೆ ಕೊಟ್ಟಳು. "ಹೋಗು. ನೀನೇ ಹೋಗು. ಕಾಲು ಹಿಡಿ ಬೇಕಾದ್ರೆ."

ಹಾಲಮ್ಮ ಒಲೆಯ ಮುಂದೆ ಕೂತಿದ್ದಳು. ಬೆಳಿಗ್ಗೆ ಹಚ್ಚದೆ ಬಿಟ್ಟಿದ್ದ ಒಲೆ ಈಗ ಉರಿಯುತ್ತಿತ್ತು. ಹಳೆಯ ಸೀರೆ ಮಡಚಿ ಗೂಡಿನಲ್ಲಿಟ್ಟಿದ್ದಳು.

"ತಪ್ಪಾಯ್ತು ಹಾಲಮ್ಮ. ಜೀಪು ಬಂತಲ್ಲ, ಹೆದರಿಬಿಟ್ಟೆ."

"ಅಯ್ಯೋ ಬಿಡಪ್ಪ. ಸರ್ಕಾರದ ಕೆಲಸ" ಎಂದಳು. ಬುಟ್ಟಿಯ ಕಡೆ ನೋಡಲಿಲ್ಲ. "ಮುದ್ದೆ ಕೂಡಿಸ್ದೆ, ಉಂಡೆ. ಹೊಟ್ಟೆ ತುಂಬೈತೆ. ಅದನ್ನ ತಗೊಂಡ್ಹೋಗು, ಕೆಡ್ತದೆ."

ಮುದ್ದೆಯ ಎಸರಿನ್ನೂ ಕುದಿಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಬುಟ್ಟಿ ಹೊತ್ತುಕೊಂಡು ವಾಪಸು ಬಂದ. ಅವತ್ತಿನಿಂದ ಹಾಲಮ್ಮ ಆ ಮನೆಯ ಒನಕೆ ಮುಟ್ಟಲಿಲ್ಲ. ಬೀದಿಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಿದ್ದಳು, ಆರೋಗ್ಯ ಕೇಳುತ್ತಿದ್ದಳು. ಮನೆಯೊಳಗೆ ಮಾತ್ರ ಬರಲಿಲ್ಲ.

ಸೋಮಶೇಖರಪ್ಪ ಕಾಯಂ ಆದ. ಆ ಸುದ್ದಿ ಹೇಳಿದ ಶನಿವಾರ ಅಪ್ಪ, "ಒಳ್ಳೇದಾಯ್ತು" ಎಂದಷ್ಟೇ ಹೇಳಿ ಊಟ ಮುಂದುವರಿಸಿದ. ಜಗಳವೂ ಇಲ್ಲ, ಬೆಲ್ಲದ ಮಾತೂ ಇಲ್ಲ. ಮಗನಿಗೆ ಅದನ್ನು ತಡೆಯಲಾಗಲಿಲ್ಲ. ಒಂದು ರಾತ್ರಿ ಅವನಾಗಿಯೇ ಕೆಣಕಿದ, "ಈರುಳ್ಳಿ ಮಾರೋಕೂ ಲೈಸೆನ್ಸ್ ಮಾಡ್ತಾರಂತೆ ಅಪ್ಪಯ್ಯ." ಕಲ್ಲೇಶಪ್ಪ, "ಮಾಡ್ಲಿ ಬಿಡಪ್ಪ. ನಿಮಗೆ ಗೊತ್ತಿರ್ತದೆ" ಎಂದ. ಏಕವಚನದಲ್ಲಿ ಬೈಯುತ್ತಿದ್ದ ಅಪ್ಪ 'ನಿಮಗೆ' ಎಂದು ತನ್ನನ್ನೂ ಆ ಕಡೆಯವರ ಜೊತೆ ಸೇರಿಸಿದ್ದು ಸೋಮಶೇಖರಪ್ಪನಿಗೆ ಚುಚ್ಚಿತು. ಅತ್ತುಬಿಡುವಷ್ಟು ಚುಚ್ಚಿತು.

ಮುಂದೆ ಎರಡು ವರ್ಷ ಮಳೆ ಚೆನ್ನಾಯಿತು. ನೂರು ಜನದ ಹುಕುಂ ಎಲ್ಲಿ ಹೋಯಿತೋ, ಕಚೇರಿಯಲ್ಲೂ ಯಾರಿಗೂ ನೆನಪಿರಲಿಲ್ಲ. ಅರವತ್ತೆಂಟರ ಕಾರ್ತಿಕದಲ್ಲಿ ಕಲ್ಲೇಶಪ್ಪ ಹೊಲದಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹನ್ನೊಂದನೆಯ ದಿನದ ಗಣಾರಾಧನೆಗೆ ಸೋಮಶೇಖರಪ್ಪ ಎರಡು ಪಲ್ಲ, ಅಂದರೆ ಇನ್ನೂರು ಸೇರು ಅಕ್ಕಿ ತರಿಸಿದ. ಊರಿನ ಕೂಸು ಕುನ್ನಿಯೂ ಉಣ್ಣಬೇಕು, ಅಪ್ಪ ಆಡಿದ ಮಾತು ಈಗಲಾದರೂ ನಡೆಯಬೇಕು ಎಂದು ಅವನ ಹಟ.

ವೀಳ್ಯದ ತಟ್ಟೆ ಹಿಡಿದು ಹೊರಟ. ಈ ಸಲ ಜೇಬಿನಲ್ಲಿ ಪಟ್ಟಿ ಇರಲಿಲ್ಲ. ಒಲೆಯ ಕಟ್ಟೆ ಮೇಲೆ ಎಲೆ ಅಡಿಕೆ ಇಟ್ಟು, "ನಾಳೆ ನಿಮ್ಮೊಲೆಗೆ ಬಿಡುವು. ಮನೆ ಮಂದಿಯೆಲ್ಲ ಬರ್ಬೇಕು" ಎಂದ.

"ಎಷ್ಟು ಜನ ಬರ್ಬೇಕು ಸೋಮಣ್ಣ?" ಎಂದು ಕೇಳಿದ ಸಣ್ಣಬೀರಪ್ಪ. ಕುಹಕವೇನಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ.

"ಎಲ್ಲಾರೂ ತಾತ. ಎಲ್ಲಾರೂ."

"ಆಗ್ಲಪ್ಪ, ಒಬ್ರು ಬತ್ತೀವಿ."

ಮಾರನೆಯ ಬೆಳಿಗ್ಗೆ ಅವನು ಕೆರೆ ಏರಿಯ ಮೇಲೆ ಹೋಗಿ ನಿಂತ. ಸೂರುಗಳಿಂದ ಒಂದೊಂದಾಗಿ ಹೊಗೆ ಏಳುತ್ತಿತ್ತು. ಸಣ್ಣಬೀರಪ್ಪನ ಮನೆ, ಅದರ ಪಕ್ಕದ ಮನೆ, ಮೇಲಿನ ಕೇರಿ, ಕೆಳಗಿನ ಕೇರಿ. ಎಂದಿನಂತೆ ಊರು ಒಲೆ ಹಚ್ಚಿಕೊಂಡಿತ್ತು. ಕುರುಬರ ಹಟ್ಟಿಯ ತುದಿಯಲ್ಲಿ ಒಂದೇ ಒಂದು ಸೂರಿನ ಮೇಲೆ ಹೊಗೆ ಇರಲಿಲ್ಲ.

ಅವನು ಓಡುತ್ತಲೇ ಹೋದ. ಹಾಲಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ ಒಲೆಯ ಬೂದಿ ತೆಗೆದು, ಸಾರಿಸಿ, ಹಿಂದಿನ ದಿನ ಅವನಿಟ್ಟ ವೀಳ್ಯವನ್ನು ಕಟ್ಟೆಯ ಮೇಲೆ ಹಾಗೇ ಬಿಟ್ಟಿದ್ದಳು.

"ಒಲೆ ಹಚ್ಚಲಿಲ್ವಾ ಹಾಲಮ್ಮ?"

"ಯಜಮಾನ್ರ ಊಟ ಅಲ್ವೇನಪ್ಪ. ಅವರ ದಿನ ಹೆಂಗೆ ಹಚ್ಲಿ?"

"ಹಂಗಾದ್ರೆ ಬಾ. ಮೊದಲನೇ ಎಲೆ ನಿನ್ನದೇ. ನಾನೇ ಬಡಿಸ್ತೀನಿ. ಬಾ ಹಾಲಮ್ಮ, ನಿನ್ನ ದಮ್ಮಯ್ಯ ಅಂತೀನಿ."

ಅವಳು ಅವನ ಮುಖವನ್ನು ಪ್ರೀತಿಯಿಂದಲೇ ನೋಡಿದಳು. "ಇಲ್ಲ ಕಣಪ್ಪ. ಒಂದ್ಸಲ ಎದ್ದೋಳು ಮತ್ತೆ ಹೆಂಗೆ ಕೂರ್ಲಿ? ನೀನು ಹೋಗು, ಜನ ಕಾಯ್ತಿರ್ತಾರೆ."

ಚಪ್ಪರಕ್ಕೆ ಮನೆಗೊಬ್ಬರಂತೆ ಬಂದರು. ಅಚ್ಚುಕಟ್ಟಾಗಿ ಉಂಡು, ಕೈ ತೊಳೆದು, ಕಲ್ಲೇಶಪ್ಪನ ಗುಣ ಹೇಳಿ ಹೋದರು. ಮೂರು ಕೊಪ್ಪರಿಗೆ ಅನ್ನ ಹಾಗೇ ಉಳಿಯಿತು. ಸೋಮಶೇಖರಪ್ಪ ಒಬ್ಬೊಬ್ಬರ ಮನೆಗೂ ಹೊತ್ತುಕೊಂಡು ಹೋಗಲು ನೋಡಿದ. "ನಮ್ಮನೇಲೂ ಮಾಡೈತಲ್ಲ ಸ್ವಾಮಿ" ಎಂದರು.

ಸಂಜೆಗೆ ಅನ್ನ ಹಳಸುವ ವಾಸನೆ ಬಂತು. ತೀರ್ಥಮ್ಮ ಕೊಟ್ಟಿಗೆಯ ಬಾಗಿಲು ತೆಗೆದು ನಿಂತಳು. ಅವನು ಪಂಚೆ ಎತ್ತಿ ಕಟ್ಟಿ, ಕೊಪ್ಪರಿಗೆಯನ್ನು ಎಳೆದುಕೊಂಡು ಬಂದು, ಅನ್ನವನ್ನು ಬೊಗಸೆ ಬೊಗಸೆಯಾಗಿ ತುಂಬಿ ಎಮ್ಮೆಗಳ ಬಾನಿಗೆ ಸುರಿದ.